ಬಚ್ಚಲ ಚಿಲಕವೂ ಮುನ್ನೂರು ಜನರ ಕಣ್ಣಾಮುಚ್ಚಾಲೆಯೂ

ಸಂಜೆ ದೀಪ ಹಚ್ಚಿ ದೇವರ ಮುಂದೆ ಸ್ವಲ್ಪ ಹೊತ್ತು ಕೂರುವುದನ್ನು ನಾನು ಇಷ್ಟು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಜ್ವರ ಬಂದಾಗ ಗೋಡೆಗೆ ಒರಗಿ ಕೂತಿದ್ದೇನೆ. ಮನೆ ಬದಲಾಯಿಸಿದ ದಿನ ರಟ್ಟಿನ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಕೂತಿದ್ದೇನೆ. ದೊಡ್ಡ ದೊಡ್ಡ ಸ್ತೋತ್ರಗಳೆಲ್ಲ ನನಗೆ ಬಾರವು. ದೇವರು ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಕೂರುತ್ತೇವೆ. (ಈ ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಡ್ಡಬಾಯಿ ಹಾಕದವನು ಅವನೊಬ್ಬನೇ.)

ನಮ್ಮ ಮನೆಯವರಿಗೂ ಒಂದು ನಿಷ್ಠೆಯಿದೆ. ಅದು ಮುಂದಿನ ಕೋಣೆಯ ಕಂಪ್ಯೂಟರಿನ ಎದುರು ಶುರುವಾಗಿ ಅಲ್ಲೇ ಮುಗಿಯುತ್ತದೆ. ಹಗಲು ಹೊತ್ತು ಅವರು ಪಾರ್ಸಲ್ ಆಫೀಸಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ವಿಭಾಗದ ಮೇಲ್ವಿಚಾರಕರು. ಮನೆಗೆ ಬಂದು ಕಾಲು ತೊಳೆದು ಕುರ್ಚಿಯಲ್ಲಿ ಕೂತರೆಂದರೆ ಒಂದು ಆನ್‌ಲೈನ್ ಗೇಮಿನ ಮಹಾಸಾಮ್ರಾಜ್ಯಕ್ಕೆ ಪಾದಾರ್ಪಣೆ. ಅಲ್ಲಿ ಬೆಟ್ಟಗಳಿವೆ, ಕೋಟೆಗಳಿವೆ, ಒಂದು ಸಂತೆಯಿದೆ. ಎಲ್ಲೆಲ್ಲಿಯದೋ ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಅಲ್ಲಿ ಕತ್ತಿ ಹಿಡಿದು ಓಡಾಡುತ್ತಾರೆ. ಇವರೂ ಕತ್ತಿ ಹಿಡಿಯುತ್ತಾರೆಂದು ನಾನು ಮೊದಮೊದಲು ತಿಳಿದಿದ್ದೆ. ಇಲ್ಲವಂತೆ. ಇವರು ಅಲ್ಲಿ ‘ಈವೆಂಟ್ ಸ್ಟಾಫ್’. ಉಳಿದವರು ಆಡುತ್ತಾರೆ, ಇವರು ಆಡಿಸುತ್ತಾರೆ. ಓಟದ ಪಂದ್ಯ, ರಸಪ್ರಶ್ನೆ, ಕಣ್ಣಾಮುಚ್ಚಾಲೆ ಎಲ್ಲ ಇವರ ಏರ್ಪಾಡು. ಸಂಬಳವಿಲ್ಲ. ಬಹುಮಾನ ಕೊಡಬಹುದು, ತೆಗೆದುಕೊಳ್ಳುವಂತಿಲ್ಲ. ಬೈದವರಿಗೆ ತಿರುಗಿ ಬೈಯುವಂತಿಲ್ಲ. ಎಲ್ಲ ಸುಸೂತ್ರವಾದರೆ ಯಾರೂ ಗಮನಿಸುವುದಿಲ್ಲ, ಒಂದು ಎಡವಟ್ಟಾದರೆ ಎಲ್ಲರೂ ಕೇಳುತ್ತಾರೆ.

“ಗೃಹಿಣಿ ಕೆಲಸ ಅಂತ ಒಂದೇ ಮಾತಲ್ಲಿ ಹೇಳ್ಬಾರ್ದೇನ್ರೀ?” ಎಂದೆ.

ಅವರು ನಗಲಿಲ್ಲ. ಅತ್ತೆ ನಕ್ಕರು.

ಆ ಪದವಿಯೂ ಇನ್ನೂ ಖಾಯಂ ಆಗಿರಲಿಲ್ಲ. ಪರೀಕ್ಷಾವಧಿ ನಡೆಯುತ್ತಿತ್ತು. ಆಫೀಸಿನಲ್ಲಿ ಬಡ್ತಿ ಕೈತಪ್ಪಿದಾಗ ಹಾಯಾಗಿ ಊಟ ಮಾಡಿ ಮಲಗಿದ ಮನುಷ್ಯ, ಇಲ್ಲಿ ಖಾಯಂ ಆಗುವುದಿಲ್ಲವೇನೋ ಎಂದು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂರುತ್ತಿದ್ದರು. ಎಲ್ಲವನ್ನೂ ತೂಗಿ ನೋಡುವ ಮುಖ್ಯಸ್ಥರೊಬ್ಬರಿದ್ದರು; ಗೇಮಿನಲ್ಲಿ ಅವರ ಹೆಸರು ದೊಡ್ಡಣ್ಣ. “ದೊಡ್ಡಣ್ಣ ಇವತ್ತು ‘ಪರವಾಗಿಲ್ಲ’ ಅಂದ್ರು ಕಣೇ” ಎಂದು ಒಂದು ಸಂಜೆ ಇವರು ಹೇಳಿದಾಗ ಆ ಮುಖದಲ್ಲಿದ್ದ ಬೆಳಕನ್ನು ನಾನು ನಮ್ಮ ಮದುವೆಯ ಫೋಟೋದಲ್ಲೂ ಕಂಡಿಲ್ಲ. ಅದಕ್ಕೇ ನಾನು ಹೆಚ್ಚು ಗೊಣಗಲಿಲ್ಲ.

ನನ್ನ ದೂರು ಒಂದೇ, ಬಚ್ಚಲುಮನೆಯ ಚಿಲಕ. ಅದು ಸಡಿಲವಾಗಿ, ಒಮ್ಮೊಮ್ಮೆ ಬೀಳುತ್ತಿರಲಿಲ್ಲ, ಒಮ್ಮೊಮ್ಮೆ ಬಿದ್ದರೆ ಏಳುತ್ತಿರಲಿಲ್ಲ. ಹೇಳಿದಾಗಲೆಲ್ಲ ಒಂದೇ ಉತ್ತರ: “ಈ ಈವೆಂಟ್ ಒಂದು ಮುಗೀಲಿ.”

ಕೊನೆಗೆ ನಾನೇ ಬೀದಿಯ ಬಡಗಿಯನ್ನು ಕರೆಸಿದೆ. ಒಳ್ಳೆಯ ಮನುಷ್ಯ, ನನ್ನನ್ನು ಅಕ್ಕಾ ಎನ್ನುತ್ತಾನೆ. ಅವನು ಬಂದದ್ದು ಸರಿಯಾಗಿ ನನ್ನ ದೀಪದ ಹೊತ್ತಿಗೆ. “ಸ್ವಲ್ಪ ಕೂತಿರಪ್ಪಾ, ನಾನು ಏಳೋದರೊಳಗೆ ಸುತ್ತಿಗೆ ಹಿಡೀಬೇಡ” ಎಂದು ಮುಂದಿನ ಕೋಣೆಯಲ್ಲಿ ಕೂರಿಸಿದೆ. ನಾನು ಕಣ್ಣು ತೆರೆದು ಬರುವಷ್ಟರಲ್ಲಿ ಅವನು ನಮ್ಮ ಮನೆಯವರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು, “ಸಾರ್, ಆ ಕುದುರೆ ನಾನೂ ಹತ್ಬೋದಾ?” ಎಂದು ಕೇಳುತ್ತಿದ್ದ. ಚಿಲಕ ಹಾಗೇ ಉಳಿಯಿತು. ಆ ಸಾಮ್ರಾಜ್ಯಕ್ಕೆ ಒಬ್ಬ ಪ್ರಜೆ ಹೆಚ್ಚಾದ.

ಹೀಗಿರುವಾಗ ಪರೀಕ್ಷಾವಧಿಯ ಕೊನೆಯ ಶನಿವಾರ ಬಂತು. ಅಂದು ಮಹಾ ಕಣ್ಣಾಮುಚ್ಚಾಲೆ. ಮುನ್ನೂರು ಜನ ಹುಡುಕುವವರು, ಅಡಗುವವರು ಇವರೊಬ್ಬರೇ. ಇವರು ವೇಷ ಮರೆಸಿಕೊಂಡು ಎಲ್ಲೋ ನಿಂತು ಆಗಾಗ ಸುಳಿವು ಕೊಡಬೇಕು. ಯಾರು ಮೊದಲು ಇವರ ಎದುರು ನಿಂತು ನಮಸ್ಕಾರ ಮಾಡುತ್ತಾರೋ ಅವರು ಗೆದ್ದಂತೆ. ಅವರಿಗೆ ರೆಕ್ಕೆಯಿರುವ ಬಿಳಿ ಕುದುರೆ. ದೊಡ್ಡಣ್ಣ ಖುದ್ದು ನೋಡುತ್ತಾರೆ. ಚೆನ್ನಾಗಿ ನಡೆದರೆ ಇವರು ಖಾಯಂ.

ಇವರು ಗೇಮಿನೊಳಗಿನ ತಮ್ಮ ಬೊಂಬೆಗೆ ಗಡಿಗೆ ಮಾರುವ ಮುದುಕಿಯ ವೇಷ ಹಾಕಿ, ಸಂತೆಯ ಬಾವಿಯ ಪಕ್ಕ ನಿಲ್ಲಿಸಿ, “ಇನ್ನು ಇವಳನ್ನ ಹಿಮದ ಬೆಟ್ಟದ ಗುಹೆಗೆ ಕರ್ಕೊಂಡು ಹೋಗೋದೊಂದೇ ಬಾಕಿ. ಅದಕ್ಕೆ ಮೊದಲು ಒಂದ್ನಿಮಿಷ” ಎಂದು ಎದ್ದು ಬಚ್ಚಲುಮನೆಗೆ ಹೋದರು.

ಚಿಲಕ ಬಿತ್ತು. ಮತ್ತೆ ಏಳಲಿಲ್ಲ.

ಮೊದಲು ಕಟಕಟ ಸದ್ದು. ಆಮೇಲೆ ಭುಜದಿಂದ ಗುದ್ದಿದ ಸದ್ದು. ಆಮೇಲೆ ಭುಜ ನೊಂದ ಸದ್ದು.

“ಏನಾಯ್ತು ರೀ?”

“ಏನಿಲ್ಲ. ಬಾಗಿಲು... ಸ್ವಲ್ಪ...”

“ಚಿಲಕವಾ?”

ಒಳಗೆ ಮೌನ. ಇಂಥ ಮೌನಕ್ಕಾಗಿ ಹೆಂಡತಿಯರು ಎಷ್ಟೋ ಕಾಲ ಕಾಯುತ್ತಾರೆ. ಆದರೆ ನನಗೆ ಸಂತೋಷವಾಗಲಿಲ್ಲ. ಆ ಮೌನದಲ್ಲಿ ಒಂದು ನಡುಕವಿತ್ತು.

“ಕೇಳೇ, ಇನ್ನು ಐದು ನಿಮಿಷಕ್ಕೆ ಶುರು. ಮುನ್ನೂರು ಜನ ಕಾಯ್ತಿದಾರೆ. ಇವತ್ತು ನಿಂತುಹೋದ್ರೆ ನಂಗೆ ಇನ್ಯಾವತ್ತೂ ಕೊಡಲ್ಲ. ನೀನು ಹೋಗಿ ಕೂತ್ಕೋ.”

“ನಾನಾ?”

“ಟೈಪ್ ಮಾಡಕ್ಕೆ ಬರುತ್ತಲ್ಲ! ಅಷ್ಟು ಸಾಕು.”

ಬರುತ್ತದೆ. ನಾನು ಶಾಲೆಯಲ್ಲಿ ಬಹಳ ಓದಿದವಳಲ್ಲ. ಅಕ್ಷರ, ಹೊಲಿಗೆ, ಕೀಬೋರ್ಡು ಎಲ್ಲ ನೋಡಿ ನೋಡಿ ನಾನೇ ಕಲಿತದ್ದು. ಹೋಗಿ ಕೂತೆ. ಅಷ್ಟರಲ್ಲಿ ಗೇಮಿನ ಪರದೆ ತಾನಾಗಿ ಬಾಗಿಲು ಹಾಕಿಕೊಂಡಿತ್ತು. ಅಂದು ನಮ್ಮ ಮನೆಯ ಬಾಗಿಲುಗಳಿಗೆಲ್ಲ ಅದೇ ಗ್ರಹಚಾರ.

“ರೀ! ಪಾಸ್‌ವರ್ಡ್ ಕೇಳ್ತಿದೆ!”

ಉತ್ತರ ಬಂದಾಗ ದನಿ ಇಳಿದಿತ್ತು. “ನಾಳೆ ಚಿಲಕ.”

“ಏನು?”

“ಅದೇ ಕಣೇ ಪಾಸ್‌ವರ್ಡ್. ದಿನಾ ನೆನಪಾಗ್ಲಿ ಅಂತ ಇಟ್ಟಿದ್ದೆ!”

ದಿನಕ್ಕೆ ಎರಡು ಬಾರಿಯಂತೆ ಅವರು ಅದನ್ನು ಬರೆದಿರಬೇಕು. ಆ ಶ್ರದ್ಧೆಯಲ್ಲಿ ಅರ್ಧದಷ್ಟು ಚಿಲಕದ ಮೇಲೆ ಬಿದ್ದಿದ್ದರೂ ಅದು ಬಂಗಾರದ್ದಾಗುತ್ತಿತ್ತು.

ಬಚ್ಚಲುಮನೆ ಮನೆಯ ಹಿಂಭಾಗದಲ್ಲಿ, ಕಂಪ್ಯೂಟರ್ ಮುಂಭಾಗದಲ್ಲಿ. ನಡುವಿನ ಓಣಿಯಲ್ಲಿ ಅತ್ತೆ ತಮ್ಮ ಕುರ್ಚಿ ಹಾಕಿಸಿಕೊಂಡು ಅಂಚೆ ಕೆಲಸ ವಹಿಸಿಕೊಂಡರು. ಆದರೆ ಅವರು ಬಂದ ಅಂಚೆಯನ್ನು ಒಡೆದು ಓದಿ, ತಮಗೆ ಸರಿ ಕಂಡದ್ದನ್ನು ಮಾತ್ರ ಮುಂದಕ್ಕೆ ಕಳಿಸುತ್ತಿದ್ದರು. ಒಳಗಿನಿಂದ ಇವರು ಬಾಣದ ಗುರುತಿನ ಬಟನ್ನು, ಮೌಸು, ಎಡಕ್ಕೆ, ಬಲಕ್ಕೆ, ಸೇತುವೆ ಎಂದು ಉದ್ದಕ್ಕೆ ಕೂಗಿದರು.

“ಏನಂತೆ ಅತ್ತೇ?”

“ಯಾವ್ದೋ ಹಿಮದ ಬೆಟ್ಟ ಹತ್ಬೇಕಂತಮ್ಮ. ಬೇಡ ಬಿಡು, ಇಲ್ಲೇ ನಿಂತ್ಕೋ. ಮುದುಕಿ ಅಂತೀರಾ, ಬೆಟ್ಟ ಹತ್ತು ಅಂತೀರಾ.”

ನಾನು ಬಾಣದ ಬಟನ್ನುಗಳನ್ನು ಒತ್ತಿ ನೋಡಿದೆ. ಮುದುಕಿ ಹೋಗಿ ಬಾವಿಯ ಕಟ್ಟೆಗೆ ಮುಖ ಹೊಡೆದುಕೊಂಡಳು. ಪಾಪ ಅನ್ನಿಸಿ ಹಿಂದಕ್ಕೆ ತಂದು, ಇದ್ದ ಜಾಗದಲ್ಲೇ ನಿಲ್ಲಿಸಿದೆ. ಸಂತೆಯ ನಟ್ಟ ನಡುವೆ, ಬಲಕ್ಕೆ ಬಾವಿ, ಹಿಂದೆ ಗಡಿಗೆಗಳ ಸಾಲು. ಅಕ್ಕಪಕ್ಕದಲ್ಲಿ ಹಣ್ಣಿನವನು, ಬಾಣ ಮಾರುವವನು. ಅವರೆಲ್ಲ ಕಂಪ್ಯೂಟರೇ ನಡೆಸುವ ಬೊಂಬೆಗಳು. ಅಷ್ಟರಲ್ಲಿ ಕಹಳೆ ಊದಿತು.

ಪರದೆಯಲ್ಲಿ ಬರೆಯಲು ಎರಡು ಪೆಟ್ಟಿಗೆ. ಕೆಳಗಿನದರಲ್ಲಿ ಬರೆದರೆ ಎದುರಿಗಿದ್ದವರಿಗೆ ಮಾತ್ರ ಕಾಣುತ್ತದೆ. ಮೇಲಿನದರಲ್ಲಿ ಬರೆದರೆ ಇಡೀ ಸಾಮ್ರಾಜ್ಯಕ್ಕೆ ಕಾಣುತ್ತದೆ. ಸುಳಿವು ಮೇಲಿನದರಲ್ಲಿ ಬರೆಯಬೇಕು.

ನಮ್ಮ ಮನೆಯವರ ಸುಳಿವುಗಳ ವಿಚಾರ ಹೇಳಲೇಬೇಕು. ‘ಮೌನವು ನೀರು ಕುಡಿಯುವ ತಾವಿನಲ್ಲಿ ನೆರಳಿಗೆ ನೆರಳಿಲ್ಲ’ ಎಂದು ಒಮ್ಮೆ ಬರೆದಿದ್ದರು. ಅದರ ಅರ್ಥ ಸೇತುವೆಯ ಕೆಳಗೆ ಅಂತ. ಅವರ ಸುಳಿವು ಓದಿ ಓದಿ ಆ ಮುನ್ನೂರು ಜನರೂ ಅರೆಪಂಡಿತರಾಗಿದ್ದರು. ನನಗೆ ಹಾಗೆಲ್ಲ ಬಾರದು. ಸುಳ್ಳು ಹೇಳುವುದಂತೂ ಆಗದು. ಹೀಗೆ ಬರೆದೆ: ‘ನಾನು ಸಂತೆಯಲ್ಲಿ ಬಾವಿಯ ಪಕ್ಕ ನಿಂತಿದ್ದೇನೆ.’

ಸಂತೆಯಲ್ಲಿದ್ದ ಜನರೆಲ್ಲ ಒಂದು ಕ್ಷಣ ನಿಂತರು. ಆಮೇಲೆ ಒಬ್ಬ ಬರೆದ: ‘ಸಂತೆ ಅಂದ್ರೆ ಲೋಕ. ಬಾವಿ ಅಂದ್ರೆ ಮನಸ್ಸು. ಮನಸ್ಸಿನ ಪಕ್ಕ ಏನಿರುತ್ತೆ?’

‘ಏಕಾಂತ!’ ಎಂದ ಇನ್ನೊಬ್ಬ. ‘ಹಿಮದ ಬೆಟ್ಟ!’

ಮುನ್ನೂರು ಜನ ನನ್ನ ಮೂಗಿನ ಮುಂದೆ ಧೂಳೆಬ್ಬಿಸಿಕೊಂಡು ಬೆಟ್ಟದ ಕಡೆ ಓಡಿದರು.

“ಹೇಗ್ ನಡೀತಿದೆ?” ಒಳಗಿನಿಂದ ಕೂಗು.

“ಎಲ್ರೂ ಬೆಟ್ಟಕ್ಕೆ ಹೋದ್ರು ರೀ!”

“ಗುಹೆ ಸಿಕ್ಕಿಬಿಡ್ತಾ?”

“ಇಲ್ಲ, ನಾನು ಇಲ್ಲೇ ಇದೀನಿ!”

ಸುಳಿವುಗಳ ನಡುವೆ ಬಿಡುವಿತ್ತು. ಫೋನೆತ್ತಿ ಬಡಗಿಗೆ ಕರೆ ಮಾಡಿದೆ.

“ಏನಪ್ಪಾ, ಒಂದ್ಸಲ ಬಂದು ಬಚ್ಚಲುಮನೆ ಬಾಗಿಲು ತೆಗೆದುಕೊಡ್ತೀಯಾ?”

“ಅಯ್ಯೋ ಅಕ್ಕಾ, ಈಗ ಏಳಕ್ಕಾಗಲ್ಲ. ಸಾರ್ ಈವೆಂಟ್ ನಡೀತಿದೆ, ಹಿಮದ ಬೆಟ್ಟದಲ್ಲಿದೀನಿ. ಇವತ್ತು ಸಾರ್ ಸುಳಿವು ಏನಕ್ಕಾ ಇಷ್ಟು ಕಷ್ಟ! ಯಾರಾದ್ರೂ ಒಳಗೆ ಸಿಕ್ಕಾಕೊಂಡಿದಾರಾ?”

ಓಣಿಯ ಆ ತುದಿಯಿಂದ ಗುಡುಗು ಬಂತು: “ನಾನು ಒಳಗಿದೀನಿ ಅಂತ ಹೇಳ್ಬೇಡ! ನೀನು ಎಲ್ಲಿ ಅಡಗಿದೀಯ ಅಂತಾನೂ ಹೇಳ್ಬೇಡ! ಪರಿಚಯದವ್ರಿಗೆ ಹೇಳೋದು ಸ್ಟಾಫ್‌ಗೆ ಮಹಾಪಾಪ!”

ಅಲ್ಲ, ನೋಡಿ ನನ್ನ ಪಾಡು. ಒಂದೇ ಮಾತು ಹೇಳಿದರೆ ಬಡಗಿ ಬಂದು ನನಗೆ ನಮಸ್ಕಾರ ಹೊಡೆದು, ಕುದುರೆ ಹಿಡಿದುಕೊಂಡು, ಉಳಿ ಸುತ್ತಿಗೆ ಎತ್ತಿಕೊಂಡು ಓಡಿಬರುತ್ತಾನೆ. ಗಂಡ ಹೊರಗೆ ಬರುತ್ತಾರೆ, ಆದರೆ ಗಂಡನ ಮಾನ ಹೋಗುತ್ತದೆ. ಹೇಳದಿದ್ದರೆ ಮಾನ ಉಳಿಯುತ್ತದೆ, ಗಂಡ ಬಚ್ಚಲಲ್ಲೇ ಉಳಿಯುತ್ತಾರೆ.

“ಒಳಗೆ ಯಾರು ಅಂತ ಹೇಳೋ ಹಾಗಿಲ್ಲಪ್ಪಾ” ಎಂದೆ.

“ಆಂ?”

“ಆಯ್ತು, ನೀನು ಹುಡುಕು. ಮುಗಿದ್ಮೇಲೆ ಬಾ.”

ಮತ್ತೆ ಮೇಲಿನ ಪೆಟ್ಟಿಗೆಯಲ್ಲಿ ಬರೆದೆ: ‘ನನ್ನ ಬಲಕ್ಕೆ ಬಾವಿ ಇದೆ. ಹಿಂದೆ ಗಡಿಗೆಗಳಿವೆ.’ ಗಡಿಗೆ ಎಂದರೆ ನಶ್ವರ ದೇಹವೆಂದು ತೀರ್ಮಾನಿಸಿ ಅರ್ಧ ಜನ ಸ್ಮಶಾನಕ್ಕೆ ಹೋದರು. ನನಗೆ ದುಃಖವಾಯಿತು. ಸತ್ಯ ಹೇಳಿದರೆ ಯಾರೂ ಇಷ್ಟು ದೂರ ಹೋಗಬಾರದು.

ಸುಸ್ತಾದವರು ಕೆಲವರು ಸಂತೆಗೆ ಮರಳಿ ನನ್ನ ಮುಂದೆ ನಿಲ್ಲುತ್ತಿದ್ದರು. ಬಾಣ ಕೊಳ್ಳಲು ಬಂದ ಬಂಗಾರದ ಕವಚದವನಿಗೆ ಕೆಳಗಿನ ಪೆಟ್ಟಿಗೆಯಲ್ಲಿ ‘ನನ್ನ ಹತ್ರ ಗಡಿಗೆ ಮಾತ್ರ ಇದೆ, ಬಾಣ ಪಕ್ಕದವರನ್ನ ಕೇಳಪ್ಪಾ’ ಎಂದು ಬರೆದೆ. ಅವನು ಹೋಗುವ ಬದಲು ಇನ್ನೊಬ್ಬನನ್ನು ಕರೆತಂದ. ‘ಹೊಸ ಅಂಗಡಿ ಬೊಂಬೆ ನೋಡು, ಎಷ್ಟು ಚೆನ್ನಾಗಿ ಮಾಡಿದಾರೆ! ಮನುಷ್ಯರ ಹಾಗೇ ಮಾತಾಡುತ್ತೆ.’

ನಾನು ಮನುಷ್ಯಳೇ ಎಂದು ಬರೆದೆ. ‘ನೋಡಿದೆಯಾ!’ ಎಂದು ಇಬ್ಬರೂ ಕುಣಿದರು.

ಆಮೇಲೆ ತಲೆಯ ಮೇಲೆ ಎರಡು ಕೊಂಬಿರುವ ಒಬ್ಬ ರಾಕ್ಷಸ ಬಂದು ಸುಮ್ಮನೆ ನಿಂತ. ಊಟ ಆಯ್ತಾ ಎಂದೆ. ಇಲ್ಲ ಎಂದ. ಯಾಕೆ ಎಂದೆ. ಹೆಂಡತಿ ಜಗಳವಾಡಿ ತವರಿಗೆ ಹೋಗಿ ನಾಲ್ಕು ದಿನವಾಯಿತಂತೆ, ಬೆಕ್ಕನ್ನೂ ಕರೆದುಕೊಂಡು ಹೋದಳಂತೆ. ಮನೆಯಲ್ಲಿ ಒಂದು ಸದ್ದಿಲ್ಲವಂತೆ. ‘ನೀನು ಬೊಂಬೆ ಅಂತಲೇ ಇದನ್ನೆಲ್ಲ ಹೇಳ್ಕೊಳ್ತಿದೀನಿ, ಮನುಷ್ಯರಿಗೆ ಹೇಳಕ್ಕೆ ನಾಚಿಕೆ’ ಎಂದ. ನಾನು ಪೂರ್ತಿ ಕೇಳಿಸಿಕೊಂಡೆ. ಫೋನ್ ಮಾಡಿದ್ರಾ ಎಂದೆ. ಇಲ್ಲ ಎಂದ. ಮೊದಲು ಬೆಕ್ಕನ್ನ ವಿಚಾರಿಸಿ, ಆಮೇಲೆ ಅವರನ್ನ ವಿಚಾರಿಸಿ ಎಂದೆ. ರಾಕ್ಷಸ ಮಾಯವಾದ. ಸ್ವಲ್ಪ ಹೊತ್ತಿಗೆ ಬಂದು, ‘ನಾಳೆ ಬರ್ತಾರಂತೆ ಅಂಗಡಿಯಮ್ಮಾ, ಇಬ್ರೂ’ ಎಂದು ನನ್ನ ಸುತ್ತ ಮೂರು ಸುತ್ತು ಓಡಿದ. ಇಷ್ಟೆಲ್ಲ ಆದರೂ ನಮಸ್ಕಾರ ಮಾತ್ರ ಮಾಡಲಿಲ್ಲ. ಅಂಗಡಿಯವಳಿಗೆ ನಮಸ್ಕಾರ ಮಾಡುವವರು ಯಾರು?

ಅವನ ಹಿಂದೆ ಸಾಲು ಬೆಳೆಯಿತು.

“ನನ್ನ ಮಗ ಚಿಕ್ಕವನಿದ್ದಾಗಲೂ ಹೀಗೇ ಕಣಮ್ಮ” ಎಂದರು ಅತ್ತೆ. “ಅಡಗಿಕೊಂಡ್ರೆ ಊಟದ ಹೊತ್ತಿಗೇ ಬರ್ತಿದ್ದಿದ್ದು.”

“ನಾನು ಅಡಗಿಕೊಂಡಿಲ್ಲಮ್ಮಾ!” ಎಂದರು ಇವರು ಒಳಗಿನಿಂದ.

“ಹೂಂ, ಆಗಲೂ ಹೀಗೇ ಅಂತಿದ್ದೆ.”

ಕಿಟಕಿಯಾಚೆ ಬೆಳಕು ಇಳಿಯತೊಡಗಿತು. ನನ್ನ ದೀಪದ ಹೊತ್ತು. ಮುನ್ನೂರು ಜನ ಇರಲಿ, ಗಂಡ ಬಚ್ಚಲಲ್ಲಿರಲಿ, ಅದನ್ನು ಬಿಡಲಾರೆ. ಆದರೆ ಹೇಳದೆ ಎದ್ದುಹೋಗುವುದು ಮರ್ಯಾದೆಯೂ ಅಲ್ಲ. ಮೇಲಿನ ಪೆಟ್ಟಿಗೆಯಲ್ಲಿ ಬರೆದೆ: ‘ದೀಪ ಹಚ್ಚುವ ಹೊತ್ತಾಯಿತು. ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ನೀವು ಹುಡುಕುತ್ತಿರಿ. ಗಡಿಗೆಗಳ ಮುಂದೆಯೇ ಇರುತ್ತೇನೆ.’

ಹೋಗಿ ದೀಪ ಹಚ್ಚಿ ಕಣ್ಣು ಮುಚ್ಚಿದೆ. ಅಂದು ದೇವರಲ್ಲಿ ಕೇಳಿದ್ದು ಒಂದೇ. ಬಾಗಿಲನ್ನಲ್ಲ, ಈ ಮನುಷ್ಯ ಒಂದು ಕೆಲಸಕ್ಕಾಗಿ ಇಷ್ಟು ಆಸೆಪಟ್ಟದ್ದನ್ನು ನಾನು ಕಂಡಿಲ್ಲ, ಅದನ್ನು ನನ್ನ ಕೈಯಿಂದ ಕೆಡಿಸಬೇಡ ಎಂದೆ.

ಮರಳಿ ಬಂದು ನೋಡಿದರೆ ನನ್ನ ಮುದುಕಿಯ ಎದುರು ಒಬ್ಬ ಕುಳ್ಳ ಬಿಲ್ಲುಗಾರ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿಕೊಂಡೇ ಇದ್ದ. ಪರದೆಯ ತುಂಬ ಹೂಮಳೆ. ತಲೆಯ ಮೇಲಿನ ಹೆಸರು ನೋಡಿದರೆ, ನಮ್ಮ ಬಡಗಿ!

ಆಮೇಲೆ ತಿಳಿದದ್ದು: ನಾನು ಕರೆ ಮಾಡಿದಾಗಲೇ ಅವನಿಗೆ ತಲೆ ಕೊರೆಯತೊಡಗಿತ್ತಂತೆ. ದೀಪದ ಮಾತು ಓದಿದ್ದೇ ತಡ, ಇದು ಸಾರ್ ಅಲ್ಲ, ಅಕ್ಕ ಎಂದು ಹೊಳೆಯಿತಂತೆ. ಅಕ್ಕ ಬಾವಿ ಅಂದರೆ ಬಾವಿಯೇ, ಗಡಿಗೆ ಅಂದರೆ ಗಡಿಗೆಯೇ. ನೆಟ್ಟಗೆ ಸಂತೆಗೆ ಬಂದನಂತೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿತ್ತು. ಸಂತೋಷ ತಡೆಯಲಾರದೆ ಎಲ್ಲರೆದುರು ಬರೆದುಬಿಟ್ಟ: ‘ಅಕ್ಕಾ ಸಿಕ್ಕಿದ್ರಿ! ಸಾರ್ ಎಲ್ಲಿ?’

ಹೂಮಳೆ ನಿಂತಿತು. ದೊಡ್ಡಣ್ಣ ಪ್ರತ್ಯಕ್ಷರಾದರು. ‘ಯಾವ ಅಕ್ಕ? ಈ ಕುರ್ಚಿಯಲ್ಲಿರೋದು ಯಾರು? ನಮ್ಮ ಸ್ಟಾಫ್ ಎಲ್ಲಿ?’

ಸುಳ್ಳು ಹೇಳುವಂತಿಲ್ಲ, ಸತ್ಯವನ್ನಾದರೂ ಮೆಲ್ಲಗೆ ಹೇಳೋಣವೆಂದು ಕೆಳಗಿನ ಪೆಟ್ಟಿಗೆಯಲ್ಲಿ ಬರೆಯಹೋದೆ. ಗಾಬರಿಯಲ್ಲಿ ಬರೆದದ್ದು ಮೇಲಿನದರಲ್ಲಿ. ಇಡೀ ಸಾಮ್ರಾಜ್ಯದ ಆಕಾಶದಲ್ಲಿ, ಬೆಟ್ಟ ಕೋಟೆ ಸ್ಮಶಾನಗಳ ಮೇಲೆ, ಬಂಗಾರದ ದಪ್ಪ ಅಕ್ಷರಗಳಲ್ಲಿ ಮೂಡಿತು:

‘ನಾನು ಅವರ ಹೆಂಡತಿ. ಅವರು ಬಚ್ಚಲುಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಚಿಲಕ ಸರಿಯಿಲ್ಲ.’

ಬಡಗಿ ಸುತ್ತಿಗೆ ಹಿಡಿದು ಓಡಿಬಂದು ಬಾಗಿಲು ಬಿಡಿಸಿದ. ನಮ್ಮ ಮನೆಯವರು ಹೊರಗೆ ಬಂದು, ಪರದೆಯ ಮೇಲೆ ಇನ್ನೂ ಹೊಳೆಯುತ್ತಿದ್ದ ಅಕ್ಷರಗಳನ್ನು ಓದಿ, ತಿರುಗಿ ಬಚ್ಚಲುಮನೆಯ ಕಡೆಗೇ ಹೊರಟರು. ಅತ್ತೆ ಕೈಹಿಡಿದು ನಿಲ್ಲಿಸಿದರು.

ದೊಡ್ಡಣ್ಣ ಹೆಡ್‌ಫೋನಿನಲ್ಲಿ ನನ್ನ ಜೊತೆ ಮಾತಾಡಬೇಕೆಂದರು. ಹಾಕಿಕೊಂಡರೆ ನೆಗಡಿಯಾಗಿರುವ ಒಂದು ಚಿಕ್ಕ ಹುಡುಗಿಯ ದನಿ! ಇಷ್ಟು ದಿನ ಇವರು ಎದ್ದು ನಿಂತು ‘ಸರಿ ದೊಡ್ಡಣ್ಣ’ ಎಂದು ಟೈಪ್ ಮಾಡುತ್ತಿದ್ದದ್ದು ಈ ಹುಡುಗಿಗೆ.

“ಆಂಟೀ, ಪಾಸ್‌ವರ್ಡ್ ಬೇರೆಯವ್ರಿಗೆ ಕೊಡೋದು ನಮ್ಮಲ್ಲಿ ಅತಿ ದೊಡ್ಡ ತಪ್ಪು. ಅಂಕಲ್‌ನ ಖಾಯಂ ಮಾಡಕ್ಕಾಗಲ್ಲ. ಸಾರಿ.” ಹುಡುಗಿ ಒಂದು ಸೀನು ಸೀನಿ ಮುಂದುವರಿಸಿದಳು. “ಆದ್ರೆ ಆ ಬಡಗಿಯವ್ರಿಗೆ ನೀವು ಗುಟ್ಟು ಹೇಳಿಲ್ಲ ಅಂತ ನಂಗೆ ಗೊತ್ತು. ನೀವು ಎಲ್ರಿಗೂ ಹೇಳಿದೀರ, ಪದೇ ಪದೇ! ಅರ್ಧ ಜನ ‘ಆ ಗಡಿಗೆಯಮ್ಮ ಮುಂದಿನ ವಾರಾನೂ ಇರ್ತಾರಾ’ ಅಂತ ಕೇಳ್ತಿದಾರೆ. ನೀವೇ ಸ್ಟಾಫ್ ಆಗಿ ಬನ್ನಿ ಆಂಟೀ.”

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

“ನಂಗ್ಯಾಕಮ್ಮಾ? ಅವ್ರಿಗೆ ಇನ್ನೊಂದು ಅವಕಾಶ ಕೊಡು.”

“ಪರೀಕ್ಷಾವಧಿ ಮೊದಲಿಂದ ಶುರು ಮಾಡ್ಬೋದು. ಆದ್ರೆ ಒಬ್ರು ಸ್ಟಾಫ್ ಜವಾಬ್ದಾರಿ ತಗೋಬೇಕು. ಪಕ್ಕದಲ್ಲೇ ಕೂತು ತಿದ್ದಬೇಕು. ನಮ್ಮಲ್ಲಿ ಯಾರಿಗೂ ಪುರುಸೊತ್ತಿಲ್ಲ.”

ಹೀಗೆ, ಅವರ ಆಸೆ ಉಳಿಯಲೆಂದು ನಾನು ಒಪ್ಪಿಕೊಂಡೆ. ಬೇರೆ ಉದ್ದೇಶ ನನಗಿರಲಿಲ್ಲ. (ಅತ್ತೆ ನಂಬುವುದಿಲ್ಲ.)

ಮುಂದಿನ ಶನಿವಾರ. ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ. ದೊಡ್ಡದರಲ್ಲಿ ನಾನು. ಚಿಕ್ಕದರಲ್ಲಿ ನಮ್ಮ ಮನೆಯವರು, ತಾವು ಬರೆದ ಸುಳಿವನ್ನು ನನ್ನ ಮುಂದೆ ಹಿಡಿದುಕೊಂಡು. ‘ಕಾಲವು ಕಲ್ಲನ್ನು ಚುಂಬಿಸುವಲ್ಲಿ’ ಎಂದಿತ್ತು.

“ಅಂದ್ರೆ ಎಲ್ಲಿ?”

“ಗಡಿಯಾರದ ಗೋಪುರ.”

“ಹಾಗಂತಲೇ ಬರೀರಿ.”

“ಹಾಗ್ ಬರೆದ್ರೆ ಸಿಕ್ಕಿಬಿಡ್ತೀವಲ್ಲೇ!”

“ಸಿಗಲ್ಲ, ನೋಡ್ತಿರಿ.”

ಆಗ ಬಾಗಿಲಲ್ಲಿ ಬಡಗಿ ನಿಂತಿದ್ದ. ಗೆದ್ದವರು ಮುಂದಿನ ವಾರ ಆಡುವಂತಿಲ್ಲವೆಂದು ನಿಯಮ. ಹಾಗಾಗಿ ಅವನಿಗೆ ಬಿಡುವು. ಕೈಯಲ್ಲಿ ಹೊಸ ಹಿತ್ತಾಳೆಯ ಚಿಲಕ.

“ಅಕ್ಕಾ, ನಿಮ್ಮಿಂದ ರೆಕ್ಕೆ ಕುದುರೆ ಬಂತು. ಇದು ನನ್ನ ಲೆಕ್ಕದಲ್ಲಿ, ಪುಕ್ಕಟೆ. ಈಗ್ಲೇ ಹಾಕಿಕೊಟ್ಟುಬಿಡ್ತೀನಿ, ಒಂದರ್ಧ ಗಂಟೆ ಸದ್ದಾಗುತ್ತೆ ಅಷ್ಟೇ.”

ಕಹಳೆ ಊದಲು ಇನ್ನು ಎರಡೇ ನಿಮಿಷ. ಸಂತೆಯಲ್ಲಿ ಕೊಂಬಿನ ರಾಕ್ಷಸ ಆಗಲೇ ಬಂದು ನಿಂತಿದ್ದ, ಈ ಸಲ ಜೊತೆಗೆ ಒಂದು ಕೊಂಬಿನ ರಾಕ್ಷಸಿ. ನಾನು ಪರದೆಯಿಂದ ಕಣ್ಣು ತೆಗೆಯದೆ ಕೈಯಾಡಿಸಿದೆ.

“ಈಗ ಬೇಡಪ್ಪಾ. ಈ ಈವೆಂಟ್ ಒಂದು ಮುಗೀಲಿ.”

ಮಾತು ಬಾಯಿಂದ ಬಿದ್ದ ಮೇಲೆ ತಿರುಗಿ ನೋಡಿದೆ. ನಮ್ಮ ಮನೆಯವರು ಚಿಕ್ಕ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. ಓಣಿಯಲ್ಲಿ ಅತ್ತೆ ನಕ್ಕರು.